ಗದ್ದದ ಹೊಲಿಗೆ

ಗದ್ದಕ್ಕೂ ಎದಿಗೂ ಎರಡು ದಾರ ಹಾಕ್ಯಾರ.
"ಏಳು ದಿನ, ಮೌಲಪ್ಪ, ತಲಿ ಎತ್ತಬ್ಯಾಡ,
ಒಳಗಿನ ಹೊಲಿಗಿ ಹರೀತದ," ಅಂದಾರ ಡಾಕ್ಟರಮ್ಮ.

ಹೋದ ವರ್ಷ ಜ್ವರದಾಗ ಉಸಿರು ಕೊಟ್ಟ ನಳಿಗಿ
ಹೋಗುವಾಗ ಗಾಯ ಬಿಟ್ಟು ಹೋಗಿತ್ತು.
ಗಾಯ ಬಲಿತು, ಗಂಟಲಾಗ
ಬೀಡಿಯಷ್ಟೂ ದಾರಿ ಉಳಿಲಿಲ್ಲ.
ಎರಡು ಮೆಟ್ಟಿಲು ಹತ್ತಿದ್ರ ಎದಿ ಸೀಟಿ ಹೊಡೀತಿತ್ತು,
ಪಾರಿವಾಳ ಕರೆಯೋ ಸೀಟಿ ಮಾತ್ರ ಬರ್ತಿರಲಿಲ್ಲ.

ಎರಡು ಬೆರಳಗಲ ಕೊಯ್ದು ತೆಗೆದು
ಕೆಳಗಿಂದು ಮ್ಯಾಲ ಎಳೆದು ಕೂಡಿಸ್ಯಾರಂತ.
ಕೊಳವಿ ಗಿಡ್ಡಾತು, ಅದಕ್ಕ ನಾ ಬಗ್ಗೀನಿ.

ಅಂದ್ರೂನ್ ಕಿಲ್ಲಾದ ಮಾಳಿಗಿ ಮ್ಯಾಲ
ಇಪ್ಪತ್ತು ವರ್ಷ ಮುಗಿಲು ನೋಡಿದ ಕುತ್ತಿಗಿ ಇದು.
ಈಗ ಕಾಣೋದು ಚಾದರ, ನನ್ನ ಹೊಟ್ಟಿ, ನರ್ಸಿನ ಚಪ್ಪಲಿ.
ಬಂದೋರನ್ನ ಪಾದದ ಮ್ಯಾಲೇ ಗುರ್ತು ಹಿಡೀತೀನಿ.
ಹುಸೇನಮ್ಮನ ಎಡಗಾಲ ಉಂಗುರ ಸವೆದು ತಂತಿಯಾಗ್ಯದ,
ಮದುವ್ಯಾಗಿ ಹದಿನೇಳು ವರ್ಷಕ್ಕ ಇವತ್ತು ಕಂಡೆ.

ಐದನೇ ದಿನ ಮಧ್ಯಾಹ್ನ
ನೆಲದ ಮ್ಯಾಲಿನ ರಾಯಚೂರ ಬಿಸಿಲಿನ ಚೌಕದಾಗ
ಒಂದು ನೆರಳು ಹಾರಿತು.
ನನ್ನದೋ? ಖಾದರಬಾಷಾನದೋ?
ರೆಕ್ಕಿ ಎಣಿಸೋದರೊಳಗ ಗೋಡಿ ಬಂತು.

ನಾಳಿದ್ದು ದಾರ ಕತ್ತರಿಸ್ತಾರ.
"ಮೊದಲು ಸಾವಕಾಶ 'ಆ' ಅನ್ನು" ಅಂದಾರ.
ನನ್ನ ತುಟಿ ಆಗಲೇ
ದುಂಡಗಾಗ್ಯಾವ.