ದಾರ ಕಡಿಯೂ ಹಲ್ಲು

ಲೈಟು ಸ್ವಲ್ಪ ಆಚಿ ಸರಸ್ರಿ ಡಾಕ್ಟರಬಾಯಿ, ಹೇಳತೇನಿ.
ಮುಂದಿನ ಹಲ್ಲಾಗಿನ ಆ ಕಚ್ಚು ದಾರದ್ದು.
ಬೆಟಗೇರಿ ಓಣ್ಯಾಗ ನಲವತ್ತು ವರ್ಷ ಕೌದಿ ಹೊಲದೇನಿ;
ಕತ್ತರಿ ಹುಡುಕೂದರಾಗ ಕೂಸು ಏಳತಿತ್ತು.

ಮ್ಯಾಲಿನ ಸಾಲಿನ್ಯಾಗ ಅದೊಂದ ಉಳದೈತಿ.
ಮಿಕ್ಕಾವು ಮಶೇರಿ ತಿಕ್ಕಿದ ಬೆರಳಿಗೆ
ಒಂದೊಂದ ಅಳ್ಳಾಡಿ,
ಲವಂಗದ ವಾಸನಿ ಬಿಟ್ಟು ಹೋದುವು.

ಈಗ ಕಟಿ ರೊಟ್ಟಿ ಮಜ್ಜಿಗ್ಯಾಗ ನೆನಸತೇನಿ.
ನೆಂದ ರೊಟ್ಟಿಗೆ ಸಪ್ಪಳಿಲ್ಲ ನೋಡ್ರಿ.
ಪಂಕ್ತ್ಯಾಗ ಅತ್ತಾಗ ಕಟಂ, ಇತ್ತಾಗ ಕಟಂ,
ನಡಬರಕ ನಾ.
ದ್ಯಾಮಕ್ಕನ ಮೊಮ್ಮಗಳ ಮದವಿಗೆ
ಹೊಟ್ಟಿ ಸರಿಯಿಲ್ಲ ಅಂತ ಹೇಳಿ ಕಳಿಸಿದೆ.
ಹೊಟ್ಟಿ ಸರಿ ಇತ್ರಿ. ಹಸದಿತ್ತು.

ನಕ್ಕರ ಸೆರಗು ತಾನ ಬಾಯಿಗೆ ಬರತೈತಿ.
ಸೊಸಿ ಅಂತಾಳ:
ಅತ್ತಿಗೆ ಎಪ್ಪತ್ತರಾಗ ನಾಚಿಕಿ ಹುಟ್ಟೇತಿ!

ತಗದಬಿಡ್ರಿ. ರಾತ್ರಿಯೆಲ್ಲಾ
ಕಿವಿತನಕ ಜಗ್ಗತೈತಿ.
ಹೊಸಾ ಸೆಟ್ಟು ರೊಟ್ಟಿ ಮುರದರ ಸಾಕು,
ದಾರದ ಮಾತು ಅದಕ್ಕ ತಿಳಿಯೂದಿಲ್ಲ, ಬಲ್ಲೆ.

ಕಿತ್ತದ್ದನ್ನ ಮಾತ್ರ ಬುಟ್ಟಿಗೆ ಒಗೀಬ್ಯಾಡ್ರಿ.
ಇಲ್ಲೆ, ಸೆರಗಿನ ತುದ್ಯಾಗ ಇಡ್ರಿ,
ನಾ ಗಂಟ ಹಾಕ್ಕೋತೇನಿ.

ಹೋಗೂ ದಾರ್ಯಾಗ
ಒಂದು ಕತ್ತರಿ ಕೊಳ್ಳೂದೈತಿ.