ದಿನಕ್ಕೆ ಮೂರು ಮಾತ್ರೆ

ಕತ್ತಿನ ಗಂಟು ತೆಗೆದದ್ದು ಜೂನಿನಲ್ಲಿ.
ಬ್ಯಾಲರಾಟಿನಲ್ಲಿ ಜೂನ್ ಎಂದರೆ ನಡುಚಳಿ,
ಆಸ್ಪತ್ರೆಯ ಕಿಟಕಿಗೆ ಒಳಗಿನಿಂದ ಬೆವರು.
ಗಂಟು ಸಾಧುವಾಗಿತ್ತು. ಅದರ ಬೆನ್ನಿಗೆ ಅಂಟಿದ್ದ
ಜೋಳದ ತೆನೆಯ ಕೂದಲಿನಂಥ ನರವೊಂದು
ಮುನಿಸಿಕೊಂಡಿತು.
ಡಾಕ್ಟರು ಚಿತ್ರ ಬರೆದು ತೋರಿಸಿದರು:
ಎರಡು ಕದ, ಬಲದ್ದು ಮುಚ್ಚುತ್ತದೆ,
ಎಡದ್ದು ಅಲುಗುತ್ತಿಲ್ಲ.
ನನ್ನ ಮಗನ ಹೆಸರು ಅಚಲ. ನಕ್ಕುಬಿಟ್ಟೆ.
ನಗುವಿಗೂ ಸದ್ದಿರಲಿಲ್ಲ.

ಸ್ಟೇಷನ್ನಿನಲ್ಲಿ ನನ್ನ ಕೆಲಸವೇ ಕೂಗುವುದು.
ಒಂಬತ್ತು ವರ್ಷ: ಮೆಲ್ಬರ್ನಿನ ರೈಲು ಆರು ನಿಮಿಷ ತಡ,
ಕ್ಷಮೆಯಿರಲಿ, ಹಳದಿ ಗೆರೆಯ ಹಿಂದೆ ನಿಲ್ಲಿ.
ಊರಿಗೆಲ್ಲ ಗೊತ್ತಿದ್ದ ಗಂಟಲು,
ಯಾರಿಗೂ ಗೊತ್ತಿರದ ಮುಖ.
ಈಗ ಆ ಮೈಕಿನ ಮುಂದೆ ಡೇಲ್ ಎಂಬ ಹುಡುಗ.
ಕ್ಷಮೆಯನ್ನು ಮೂಗಿನಲ್ಲಿ ಕೇಳುತ್ತಾನೆ.

ಮಾತಿನ ಥೆರಪಿಸ್ಟ್ ಬ್ರಾನ್‌ವಿನ್,
ಮೊಣಕೈ ಹರಿದ ಸ್ವೆಟರು, ಬಾಯಲ್ಲಿ ಸದಾ ಶುಂಠಿಪೆಪ್ಪರಮಿಂಟು,
ಟ್ಯಾಬ್ಲೆಟ್ಟೊಂದನ್ನು ಕೈಗಿಟ್ಟಳು. ತೆರೆಯ ಮೇಲೊಂದು ಹುಂಜ.
ಗುಂಡಿಯಿಲ್ಲ, ಬೆರಳು ಬೇಡ.
ಗುನುಗಿದರೆ ನಡೆಯುತ್ತದೆ,
ದನಿಯೆತ್ತಿದರೆ ಜಿಗಿಯುತ್ತದೆ,
ಎಳೆದು ಹಿಡಿದರೆ ಹಳ್ಳ ದಾಟುತ್ತದೆ.
'ಯಾವ ಭಾಷೆಯಾದರೂ ಸರಿ, ಇದಕ್ಕೆ ಅರ್ಥ ಗೊತ್ತಿಲ್ಲ.
ದಿನಕ್ಕೆ ಮೂರು ಸಲ, ಊಟವಾದ ಮೇಲೆ.'

ಗೋಕಾಕಿನ ಏಳನೇ ಕ್ಲಾಸಿನಲ್ಲಿ
ಪಾವಟೆ ಮಾಸ್ತರರು ಬೆಂಚಿಗೆ ಕೈಯೂರಿ ಕೂಗಿದ್ದರು:
ಕು, ಒಂದು ಮಾತ್ರೆ, ಹ್ರಸ್ವ.
ಕೂ, ಎರಡು, ದೀರ್ಘ.
ಕೂ೩, ಪ್ಲುತ. ದೂರದವರನ್ನು ಕರೆಯುವಾಗ,
ಅಳುವಾಗ, ಹಾಡುವಾಗ. ಪರೀಕ್ಷೆಗೆ ಬರುವುದಿಲ್ಲ.
ಅಂದು ಕೋಳಿಯ ಬಾಯಿಂದ ಕಲಿತೆ,
ಇಂದು ಕೋಳಿಗೆ ನಾನೇ ಬಾಯಿ.

ಮೊದಲ ವಾರ ಅದು ಬೇಲಿಯ ಪಕ್ಕ ನಿಂತೇ ಇತ್ತು.
ನನ್ನ 'ಅ' ಬರೀ ಗಾಳಿ, ಪಂಕ್ಚರಾದ ಟ್ಯೂಬು.
ಕತ್ತು ಓರೆಮಾಡಿ ಕಾಯುತ್ತಿತ್ತು ಹುಂಜ,
ನನ್ನ ಮಾತಿಗೆ ಇಷ್ಟು ಹೊತ್ತು ಯಾರೂ ಕಾದದ್ದಿಲ್ಲ.
ಅರ್ಥ ತಿಳಿಯದ ಪ್ರಾಣಿಗೆ ಏನು ಹೇಳಿದರೇನು?
ಹದಿಮೂರರ ಮಗ್ಗಿ ಹೇಳಿದೆ, ನಡುವೆ ತಪ್ಪಿದೆ.
ಬಾಡಿಗೆ ಏರಿಸಿದ ಮನೆಯೊಡತಿಯನ್ನು ಬೈದೆ.
ಬಿಟ್ಟುಹೋದವನ ಹೆಸರು ಹೇಳಿದೆ,
ಎರಡು ಹೆಜ್ಜೆ ನಡೆಯಿತು.
ಹೆಸರಿನ ಮಹಿಮೆಯೇನಲ್ಲ, ಕೊನೆಯಕ್ಷರ ದೀರ್ಘ.

ಅಚಲನಿಗೆ ಹನ್ನೊಂದು. ಒಂದು ಸಂಜೆ ಹಿಂದಿನಿಂದ ಬಂದು
ಫುಟ್ಬಾಲ್ ಮೈದಾನದ ಕೂಗೊಂದು ಹಾಕಿದ.
ಹುಂಜ ಮೂರು ಹಳ್ಳ, ಒಂದು ಗಾಳಿಗಿರಣಿ,
ಮತ್ತೆ ಚಂದ್ರನನ್ನೂ ದಾಟಿತು.
'ನೋಡಮ್ಮಾ, ಹೈಸ್ಕೋರು!'
'ಏಯ್!' ಎಂದೆ.
ಎಂದದ್ದು ನಾನೇ. ಕೇಳಿಸಿತು.
ಹುಂಜ ಅರ್ಧ ಗೇಣು ಎಗರಿ
ಬೇಲಿಗೆ ಹೊಟ್ಟೆ ತಾಗಿ ಬಿತ್ತು.
ಮೂವರೂ ಮುಖ ಮುಖ ನೋಡಿಕೊಂಡೆವು.

ಮರುದಿನ ಆ ಏಯ್ ಮತ್ತೆ ಬರಲಿಲ್ಲ. ಕೋಪ
ಬೇಕೆಂದಾಗ ಬರುವಂಥದ್ದಲ್ಲ, ಅದೊಂದು ತೊಂದರೆ.
ವೆಂಡೂರೀ ಕೆರೆಯ ಸುತ್ತ ಗುನುಗುತ್ತ ನಡೆದೆ,
ಕಪ್ಪು ಹಂಸಗಳು ತಲೆ ಎತ್ತಲಿಲ್ಲ.
ಬ್ರಾನ್‌ವಿನ್ ಪಟ್ಟಿಯಲ್ಲಿ ಬರೆದುಕೊಂಡಳು: ಹ್ರಸ್ವ ಚೆನ್ನಾಗಿದೆ.
ಅಂದರೆ ಅವಳ ಲೆಕ್ಕದಲ್ಲಿ, ಅರ್ಧ ಸೆಕೆಂಡು.

ನಿನ್ನೆ ರಾತ್ರಿ ನೀರಿಗೆಂದು ಎದ್ದರೆ
ಅವನ ಬಾಗಿಲ ಕೆಳಗೆ ನೀಲಿ ಬೆಳಕು.
ಗದರಲು ಹೋದವಳು ನಿಂತೆ.
ಕಂಬಳಿಯೊಳಗೆ ಆಡುತ್ತಿದ್ದ, ನನ್ನ ದನಿಯಲ್ಲಿ,
ಅರ್ಧ ಗಾಳಿ, ಅರ್ಧ ಗೊಗ್ಗರು.
'ಅ' ಎನ್ನುತ್ತಾನೆ. ಕಾಯುತ್ತಾನೆ. 'ಅ'.
ಹುಂಜ ಕದಲುವುದಿಲ್ಲ.
ಕೂಗಿ ಗೆಲ್ಲಬಲ್ಲ ಹುಡುಗ, ಕೂಗುತ್ತಿಲ್ಲ.
ಕರೆಯಬೇಕೆನಿಸಿತು, ಪೂರಾ ಮೂರು ಮಾತ್ರೆಯಲ್ಲಿ.
ಆದರೆ ಅದು ದೂರದವರಿಗೆ,
ಇವನಿರುವುದು ನಾಲ್ಕು ಅಡಿಯಲ್ಲಿ.
ಲೋಟ ಹಿಡಿದು ಕತ್ತಲಲ್ಲಿ ನಿಂತೇ ಇದ್ದೆ,
ಅದೊಂದು ಹೆಜ್ಜೆ ಇಡಲಿ ಎಂದು.