ಅಕ್ಷರಕ್ಕೆ ಇಷ್ಟು

ಗ್ಯೂಮ್ರಿ ಊರಲ್ಲಿ ಸ್ಮಶಾನಕ್ಕೆ ಹೋಗುವ ದಾರಿ,
ಬಲಕ್ಕೆ ನನ್ನ ಅಂಗಡಿ. ಬೋರ್ಡಿಲ್ಲ.
ಉಳಿಯ ಸದ್ದೇ ವಿಳಾಸ.
ಅಕ್ಷರಕ್ಕೆ ಇಷ್ಟು ದ್ರಾಮ್ ಅಂತ ಲೆಕ್ಕ;
ಚುಕ್ಕೆ ಪುಕ್ಕಟೆ.

ಹೆಸರು, ಹುಟ್ಟಿದ ದಿನ, ಹೋದ ದಿನ,
ಇಷ್ಟಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ.
ಕೆಳಗೊಂದು ಸಾಲು ಬೇಕೆನ್ನುತ್ತಾರಲ್ಲ,
ಆಗ ಶುರು ತಕರಾರು.
ಎಪ್ಪತ್ತು ವರ್ಷ ಬದುಕಿದವನನ್ನು
ಒಂದು ಸಾಲಿಗೆ ಇಳಿಸಿ, ಆ ಸಾಲನ್ನೂ
ಕಾಸಿಗೆ ತಕ್ಕಂತೆ ಕತ್ತರಿಸಬೇಕು.

ರೊಟ್ಟಿ ಸುಡುವ ವಾಘಿನಾಕ್ ತೀರಿಕೊಂಡಾಗ
ಹೆಂಡತಿ ಸಾತೆನಿಕ್ ಬಂದು ಹೇಳಿದಳು:
'ಬೆಳಗಿನ ನಾಲ್ಕು ಗಂಟೆ' ಅಂತ ಬರಿ. ಅಷ್ಟೇ.
ಪ್ರಾಣ ಹೋದ ಹೊತ್ತೇನಮ್ಮ, ಕೇಳಿದೆ.
ಅಲ್ಲ, ಎದ್ದ ಹೊತ್ತು.
ನಲವತ್ತೊಂದು ವರ್ಷ, ಹಿಮ ಬಿದ್ದರೂ ಜ್ವರ ಬಂದರೂ
ನಾಲ್ಕಕ್ಕೆ ಎದ್ದು ಒಲೆಗೆ ಬೆಂಕಿ ಹಾಕಿದ.
ನನ್ನ ಮಗ್ಗುಲಿನ ಹಾಸಿಗೆ ತಣ್ಣಗಾಗುತ್ತಿದ್ದದ್ದೂ ಆಗಲೇ.
ಅದರಲ್ಲಿ ಹೆಮ್ಮೆ ಎಷ್ಟು, ದೂರು ಎಷ್ಟು
ನನಗೆ ಗೊತ್ತಾಗಲಿಲ್ಲ. ಕೆತ್ತಿದೆ.

ಗಣಿತದ ಮೇಷ್ಟ್ರು ಪಾರ್ಗೆವ್ ತಾವೇ ಬಂದರು,
ಇನ್ನೂ ಜೀವಂತ, ಕೈಯಲ್ಲಿ ಸ್ಕೇಲು.
ಯಾವುದಕ್ಕೂ ಅರ್ಥವಿಲ್ಲ ಕಣಯ್ಯಾ,
ನಾವು ಧೂಳು, ಆ ನಕ್ಷತ್ರಗಳೂ ಧೂಳು,
ನನ್ನ ಕಲ್ಲಿನ ಮೇಲೆ ಏನೂ ಬೇಡ, ಅಂದರು.
ಹಾಗೆ ಅಂದವರು ಒಂದೂವರೆ ಗಂಟೆ ಕೂತು
ಕಲ್ಲು ಆರಿಸಿದರು. ಕಪ್ಪು ಬೇಡ, ಕೆಂಪು ಬೇಡ,
ಈ ಮೂಲೆ ತೊಂಬತ್ತು ಡಿಗ್ರಿ ಇಲ್ಲ, ಸರಿಮಾಡು.
ಸರಿಮಾಡಿದೆ. ಬೆರಳಾಡಿಸಿ ನೋಡಿ
ಮಗುವಿನ ಕೆನ್ನೆ ಸವರಿದವರಂತೆ ನಕ್ಕರು.

ಮತ್ತೆ ಆ ಅಣ್ಣತಮ್ಮಂದಿರು.
ದೊಡ್ಡವನಿಗೆ 'ದೇವರ ದಾಸ' ಬೇಕು,
ಚಿಕ್ಕವನಿಗೆ ಜವಳಿ ಮಿಲ್ಲಿನ ಪದಕ.
ಅಪ್ಪ ಚರ್ಚಿನ ಮೆಟ್ಟಿಲು ಹತ್ತಿದ್ದು ಒಂದೇ ಸಲ,
ಅದೂ ಮಳೆ ಬಂದಿದ್ದಕ್ಕೆ!
ಪದಕ ಅಡವಿಟ್ಟು ಕುಡಿದದ್ದು ನಿನಗೆ ಗೊತ್ತಿಲ್ವಾ!
ಕಲ್ಲಿನ ಮುಂದೆಯೇ ಕೈ ಕೈ ಮಿಲಾಯಿಸಿದರು.
ಪಕ್ಕದ ಮನೆಯ ಮುದುಕಿ ವೆರ್ಝಿನೆ
ಬಾಗಿಲಲ್ಲೇ ನಿಂತು, ಯಾರಿಗೋ ಎಂಬಂತೆ,
'ಅವನಿಗೆ ಪಾರಿವಾಳಗಳಿದ್ದವು' ಅಂದಳು.
ಇಬ್ಬರೂ ಸುಮ್ಮನಾದರು.
ಸಾಲು ಕೆತ್ತಲಿಲ್ಲ. ಕಲ್ಲಿನ ನೆತ್ತಿಯಲ್ಲಿ
ಬೊಗಸೆ ನೀರು ನಿಲ್ಲುವಷ್ಟು ಗುಳಿ ತೋಡಿದೆ.
ಗುಳಿಗೆ ಎಷ್ಟು ಅಂತ ರೇಟು ನನ್ನಲ್ಲಿರಲಿಲ್ಲ.

ಎಂಬತ್ತೆಂಟರ ಡಿಸೆಂಬರಲ್ಲಿ
ಯಾರೂ ಸಾಲು ಕೇಳಲಿಲ್ಲ.
ಊರೇ ಮಗುಚಿ ಬಿದ್ದಿತ್ತು. ನನಗೆ ಇಪ್ಪತ್ತಾರು.
ಹಿಮದಲ್ಲಿ ಸಾಲುಗಟ್ಟಿ ನಿಂತು, ಚೀಟಿಯಲ್ಲಿ ಬರೆದುಕೊಟ್ಟರು ಹೆಸರು.
ಒಂದೇ ಚೀಟಿಯಲ್ಲಿ ಐದು, ಒಂದೇ ಮನೆತನ.
ಹುಟ್ಟಿದ ದಿನ ಬೇರೆ ಬೇರೆ, ಹೋದ ದಿನ ಒಂದೇ.
ಕಣ್ಣು ಮುಚ್ಚಿ ಕೆತ್ತಬಲ್ಲೆ ಈಗಲೂ, ಆ ಏಳನ್ನು.
ಬದುಕಿಗೆ ಅರ್ಥ ಏನು ಅಂತ ಆ ಚಳಿಗಾಲ
ಯಾರಾದರೂ ನನ್ನನ್ನು ಕೇಳಿದ್ದರೆ
ಅಂದಿರುತ್ತಿದ್ದೆ: ಕಾಗುಣಿತ.
ಹೆಸರಿನ ಕಾಗುಣಿತ ತಪ್ಪಬಾರದು.

ತಪ್ಪಿತು, ಒಮ್ಮೆ.
ಒಂದಕ್ಷರ. ಒಂಬತ್ತು ವರ್ಷದ ಹುಡುಗಿ, ತಾಗುಹಿ.
ಅವಳ ತಾಯಿ ನೋಡಿದಳು. ಏನೂ ಅನ್ನಲಿಲ್ಲ.
ಬೆರಳಿಟ್ಟು ಆ ಅಕ್ಷರವನ್ನು ಮುಚ್ಚಿ ಹಿಡಿದಳು.
ಬೇರೆ ಕಲ್ಲು ಕೆತ್ತಿಕೊಟ್ಟೆ. ದುಡ್ಡು ಮುಟ್ಟಲಿಲ್ಲ.
ಮೊದಲಿನದು ಹಿತ್ತಲಲ್ಲೇ ಉಳಿಯಿತು,
ಒಡೆಯಲು ಕೈ ಬರಲಿಲ್ಲ.

ನಿನ್ನ ಕಲ್ಲಿಗೆ ಏನು ಸಾಲು, ಕೇಳುತ್ತಾಳೆ
ನನ್ನವಳು ಅರುಸ್ಯಾಕ್, ಹಿತ್ತಲಿಗೆ ಬಂದು,
ಮಡಿಲ ತುಂಬ ಜರ್ದಾಳು ಹಣ್ಣು.
ಮೂವತ್ತು ಬೇಸಿಗೆಯಿಂದ ಆ ಕಲ್ಲಿನ ಮೇಲೇ
ಒಣಗಿಸುವುದು; ಕಪ್ಪು ಕಲ್ಲು, ಬೇಗ ಕಾಯುತ್ತದೆ.
ಯೋಚಿಸಿಲ್ಲ, ಅನ್ನುತ್ತೇನೆ.
ಹಾಗಾದರೆ ಆ ಕಡೆ ಸರಿ, ನಿನ್ನ ನೆರಳು ಬೀಳುತ್ತಿದೆ.
ಒಂದೊಂದೇ ಹೋಳು ಮಾಡಿ, ಒಳಮೈ ಮೇಲಾಗಿ
ಇಡುತ್ತಾ ಹೋಗುತ್ತಾಳೆ.
ಹೆಸರಿನ ಮೇಲೆ ಮಾತ್ರ ಇಡುವುದಿಲ್ಲ.